ಜಗಳ ನಿಲ್ಲುವುದು ಬೇರೆ, ಮುಗಿಯುವುದು ಬೇರೆ
(ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಹ ಪರಿಹಾರದ ಪಾಠ)

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಹಿರಿಯರು ಮಕ್ಕಳ ವಿದ್ಯೆಯ ವಿಷಯದಲ್ಲಿ ಮೇಲಿಂದ ಮೇಲೆ ನೆನೆಯುತ್ತಾರೆ. ಅಕ್ಷರ, ಲೆಕ್ಕ, ಸಂಗೀತ, ಸ್ತೋತ್ರಪಾಠ ಇವೆಲ್ಲವನ್ನೂ ಎಳವೆಯಲ್ಲಿಯೇ ಕಲಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಜಗಳವಾಡಿದ ಮೇಲೆ ಅದನ್ನು ಬಗೆಹರಿಸಿಕೊಳ್ಳುವ ವಿದ್ಯೆಯನ್ನು ಮಾತ್ರ ಕ್ರಮವಾಗಿ ಕಲಿಸುವವರು ವಿರಳ. ಅದು ವಯಸ್ಸಿನೊಂದಿಗೆ ತಾನಾಗಿಯೇ ಬರುತ್ತದೆಂದು ಬಹುಮಂದಿ ಭಾವಿಸಿರುತ್ತಾರೆ. ಅದು ಬಾರದೇ ಹೋದಾಗ ಒಡಹುಟ್ಟಿದವರು ಗದ್ದೆಯ ಬದುವಿಗಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದನ್ನೂ, ಒಂದೇ ಬಸದಿಗೆ ಬರುವ ಎರಡು ಮನೆಗಳವರು ಪರಸ್ಪರ ಮುಖ ನೋಡದೆ ಪ್ರದಕ್ಷಿಣೆ ಹಾಕುವುದನ್ನೂ ಸಮಾಜ ಕಾಣಬೇಕಾಗುತ್ತದೆ.

ಶಾಲೆಯ ಮಧ್ಯಾಹ್ನದ ಬಿಡುವಿನ ವೇಳೆಯನ್ನು ಗಮನಿಸಿದರೆ ಈ ಕೊರತೆಯ ಬೇರು ಕಾಣಿಸುತ್ತದೆ. ಮೂರನೆಯ ತರಗತಿಯ ಇಬ್ಬರು ಬಾಲಕರು ಒಂದು ಚೆಂಡಿಗಾಗಿ ಕೈಕೈ ಮಿಲಾಯಿಸುತ್ತಾರೆ. ಅಧ್ಯಾಪಕರು ಧಾವಿಸಿ ಬಂದು ಚೆಂಡನ್ನು ಕಸಿದುಕೊಂಡು, "ಇಬ್ಬರದೂ ತಪ್ಪು, ಇಬ್ಬರೂ ಸಾರಿ ಹೇಳಿ, ಹೋಗಿ ಕುಳಿತುಕೊಳ್ಳಿ" ಎನ್ನುತ್ತಾರೆ. ಮಕ್ಕಳು ತಲೆತಗ್ಗಿಸಿ ಆ ಶಬ್ದವನ್ನು ಉಚ್ಚರಿಸುತ್ತಾರೆ. ತರಗತಿ ಶಾಂತವಾಗುತ್ತದೆ. ಸಂಜೆ ಗೇಟಿನ ಹೊರಗೆ, ಅಧ್ಯಾಪಕರ ಕಣ್ಣು ತಪ್ಪಿದೊಡನೆ, ಅದೇ ಜಗಳ ನಿಂತಲ್ಲಿಂದ ಮುಂದುವರಿಯುತ್ತದೆ. ತೀರ್ಪಿನಿಂದ ಜಗಳ ನಿಂತಿತ್ತು, ಮುಗಿದಿರಲಿಲ್ಲ. ಈ ಎರಡರ ನಡುವಣ ಅಂತರವನ್ನು ಆರರಿಂದ ಹತ್ತು ವರ್ಷದ ಮಕ್ಕಳಿಗೆ ಮನಗಾಣಿಸುವುದೇ ಕಲಹ ಪರಿಹಾರದ ಶಿಕ್ಷಣ.

ಭರತ–ಬಾಹುಬಲಿಯರ ಕಥೆ ಹೇಳುವುದೇನು?

ಬಸದಿಯ ಪಾಠಶಾಲೆಗೆ ಬರುವ ಪ್ರತಿಯೊಂದು ಮಗುವೂ ಬಲ್ಲ ಕಥೆ ಇದು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ ಈ ಕಥೆಯನ್ನು ಪಂಪನು ಕ್ರಿ.ಶ. 941ರಲ್ಲಿ ತನ್ನ ಆದಿಪುರಾಣದ ಮೂಲಕ ಕನ್ನಡಿಗರ ಮನೆಮಾತಾಗಿಸಿದನು. ಅಣ್ಣತಮ್ಮಂದಿರ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಒಂದು ವಿವೇಕದ ಮಾತನ್ನಾಡುತ್ತಾರೆ. ಇಬ್ಬರೂ ಚರಮದೇಹಿಗಳು, ಅವರಿಗೆ ಅಪಾಯವಿಲ್ಲ. ಯುದ್ಧವಾದರೆ ಸಾಯುವವರು ನಿರಪರಾಧಿಗಳಾದ ಸೈನಿಕರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳಿಂದ ಸೋಲುಗೆಲುವು ನಿರ್ಣಯವಾಗಲಿ ಎಂದು ಅವರು ಸೂಚಿಸುತ್ತಾರೆ.

ಮಕ್ಕಳಿಗೆ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಯವರೆಗೆ ಉತ್ಸಾಹದಿಂದ ಹೇಳಲಾಗುತ್ತದೆ. ಆದರೆ ಪಾಠ ಅಡಗಿರುವುದು ಮುಂದಿನ ಭಾಗದಲ್ಲಿ. ಸ್ಪರ್ಧೆಗಳು ನ್ಯಾಯವಾಗಿಯೇ ನಡೆದವು, ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ನಿಯಮದಂತೆ ಜಗಳ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸೋತವನ ಅವಮಾನ ಚಕ್ರರತ್ನದ ರೂಪ ತಾಳಿ ತಮ್ಮನ ಮೇಲೆ ಬಂದಿತು. ಅದು ಪ್ರದಕ್ಷಿಣೆ ಬಂದು ನಿಂತಿತೆಂಬುದು ಬೇರೆ ಮಾತು. ಗೆದ್ದವನಿಗಾದರೂ ನೆಮ್ಮದಿ ಸಿಕ್ಕಿತೆ? ಅವನು ಗೆದ್ದ ನೆಲವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಎಣಿಕೆಯೇ ಆ ಮುಳ್ಳು ಎಂದು ಒಂದು ನಿರೂಪಣೆ. ಅಣ್ಣನ ನೆಲದ ಮೇಲೆ ನಿಂತಿರುವೆನೆಂಬ ಮಾನಕಷಾಯವೆಂದು ಇನ್ನೊಂದು. ಭರತನೇ ಬಂದು ನಮಿಸಿದಾಗ ಆ ಮುಳ್ಳು ಕಳಚಿತು, ಕೇವಲಜ್ಞಾನ ಉದಯಿಸಿತು.

ಈ ಕಥೆಯಲ್ಲಿ ಶಿಕ್ಷಕರಿಗೆ ಎರಡು ಸೂತ್ರಗಳು ದೊರೆಯುತ್ತವೆ. ಮೊದಲನೆಯದು, ಜಗಳದಿಂದ ಆಗುವ ಹಾನಿಯನ್ನು ತಡೆಯುವುದು. ಇದು ಮಂತ್ರಿಗಳ ಕೆಲಸ, ಶಾಲೆಯಲ್ಲಿ ಅಧ್ಯಾಪಕರ ಕೆಲಸ. ಎರಡನೆಯದು, ಜಗಳವನ್ನು ಮುಗಿಸುವುದು. ಅದನ್ನು ಜಗಳವಾಡಿದವರಲ್ಲದೆ ಬೇರೆ ಯಾರೂ ಮಾಡಲಾರರು. ಶಾಲೆಗಳಲ್ಲಿ ಮೊದಲನೆಯದು ನಡೆಯುತ್ತಿದೆ. ಎರಡನೆಯದಕ್ಕೆ ಅವಕಾಶವನ್ನೇ ಕೊಡಲಾಗುತ್ತಿಲ್ಲ.

ಮಗುವಿನ ಕಣ್ಣಿಗೆ ಕಾಣುವ ಜಗಳ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ನೈತಿಕ ವಿವೇಚನೆಯನ್ನು ಕುರಿತು 1932ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಅವರು ಮಕ್ಕಳ ಮುಂದಿಡುತ್ತಿದ್ದ ಒಂದು ಜೋಡಿ ಕಥೆ ಪ್ರಸಿದ್ಧವಾಗಿದೆ. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲಿನ ಹಿಂದೆ ಬಟ್ಟಲುಗಳಿರುವುದು ಅವನಿಗೆ ತಿಳಿಯದು. 15 ಬಟ್ಟಲುಗಳು ಒಡೆಯುತ್ತವೆ. ಇನ್ನೊಬ್ಬ, ತಾಯಿ ಇಲ್ಲದ ಸಮಯ ನೋಡಿ ಕಪಾಟಿನಿಂದ ಜಾಮ್ ಕದಿಯಹೋಗಿ ಒಂದು ಬಟ್ಟಲನ್ನು ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು ಎಂದು ಕೇಳಿದರೆ ಚಿಕ್ಕ ಮಕ್ಕಳಲ್ಲಿ ಅನೇಕರು 15 ಬಟ್ಟಲು ಒಡೆದವನದೆಂದರು. ತುಸು ದೊಡ್ಡವರು ಉದ್ದೇಶವನ್ನು ನೋಡಿ ಉತ್ತರಿಸಿದರು.

ಆರು ವರ್ಷದ ಮಗು ಜಗಳದಲ್ಲಿ ಲೆಕ್ಕ ಹಾಕುವುದೂ ಹೀಗೆಯೇ. ಓಡುವಾಗ ತಗುಲಿದ ಭುಜವೂ ಬೇಕೆಂದು ನೂಕಿದ ಕೈಯೂ ಅದಕ್ಕೆ ಒಂದೇ; ಬಿದ್ದ ನೋವಷ್ಟೇ ಅದರ ಸಾಕ್ಷಿ. ದ್ರವ್ಯಹಿಂಸೆ, ಭಾವಹಿಂಸೆ ಎಂಬ ಭೇದವನ್ನು ಬಲ್ಲ ಶ್ರಾವಕರಿಗೆ ಈ ವಿಷಯ ಹೊಸದಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯೇ ಹಿಂಸೆಯ ಮೂಲವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. "ಅವನು ಬೇಕೆಂದು ಮಾಡಿದನೋ, ಗೊತ್ತಿಲ್ಲದೆ ಆಯಿತೋ, ಕೇಳಿ ನೋಡಿದೆಯಾ?" ಎಂಬ ಒಂದು ಪ್ರಶ್ನೆಯನ್ನು ಮಗುವಿಗೆ ರೂಢಿ ಮಾಡಿಸಿದರೆ ಆ ಮಹಾತತ್ತ್ವದ ಮೊದಲ ಅಕ್ಷರವನ್ನು ತಿದ್ದಿಸಿದಂತೆ.

ಪಿಯಾಜೆಯವರು ಸಹೋದ್ಯೋಗಿ ಬಾರ್ಬೆಲ್ ಇನ್‌ಹೆಲ್ಡರ್ ಅವರೊಡನೆ 1948ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೂರು ಬೆಟ್ಟಗಳ ಮಾದರಿಯೊಂದನ್ನು ಮೇಜಿನ ಮೇಲಿಟ್ಟು, ಬೇರೊಂದು ಬದಿಯಲ್ಲಿರುವ ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆಂದು ಕೇಳಲಾಯಿತು. ಚಿಕ್ಕ ಮಕ್ಕಳು ತಮಗೆ ಕಂಡದ್ದೇ ಗೊಂಬೆಗೂ ಕಾಣುತ್ತದೆಂದರು. ಇದು ಹಠವಲ್ಲ, ಸುಳ್ಳೂ ಅಲ್ಲ. ಬೆಳವಣಿಗೆಯ ಒಂದು ಹಂತ. ಇದಕ್ಕೆ ಒಂದು ಸುಲಭವಾದ ಪಾಠವಿದೆ. ತರಗತಿಯ ನಡುವೆ ಒಂದು ಕೊಡೆ, ಒಂದು ಚೀಲ, ಒಂದು ಹಿತ್ತಾಳೆಯ ಚೊಂಬನ್ನು ಒಟ್ಟಿಗೆ ಇಟ್ಟು, ನಾಲ್ಕು ಬದಿಯಲ್ಲಿ ನಾಲ್ವರು ಮಕ್ಕಳನ್ನು ಕೂರಿಸಿ, ಕಂಡಂತೆ ಚಿತ್ರ ಬರೆಯಿಸಬೇಕು. ನಾಲ್ಕು ಚಿತ್ರಗಳೂ ಬೇರೆ ಬೇರೆ, ಯಾವುದೂ ಸುಳ್ಳಲ್ಲ. ಬಳಿಕ ಮಕ್ಕಳು ಸ್ಥಾನ ಬದಲಿಸಿ ಕುಳಿತು ನೋಡಬೇಕು. ಅನೇಕಾಂತವೆಂಬ ಶಬ್ದವನ್ನು ಉಚ್ಚರಿಸದೆಯೇ ಅನೇಕಾಂತದ ಅನುಭವ ಮಗುವಿಗೆ ಹೀಗೆ ಆಗುತ್ತದೆ.

ನಾಲ್ಕು ಕಷಾಯ, ನಾಲ್ಕು ಬಗೆಯ ಜಗಳ

ಶಾಲೆಯ ಜಗಳಗಳನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡರೆ ಹೆಚ್ಚಿನವು ನಾಲ್ಕು ಗುಂಪುಗಳಲ್ಲಿ ಸೇರುತ್ತವೆ. ನೂಕಿದ, ಹೊಡೆದ, ಅಣಕಿಸಿದ ಕಾರಣಕ್ಕೆ ಭುಗಿಲೇಳುವ ಜಗಳ ಕ್ರೋಧದ್ದು. ಸಾಲಿನಲ್ಲಿ ಯಾರು ಮುಂದೆ, ತಂಡದ ನಾಯಕ ಯಾರು ಎಂಬ ಜಗಳ ಮಾನದ್ದು. ಗುಟ್ಟು ಹೇಳಿ ಗೆಳೆತನ ಒಡೆಯುವುದು, ತನ್ನ ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುವುದು ಮಾಯೆಯದು. ಚೆಂಡು, ಬಣ್ಣದ ಪೆನ್ಸಿಲು, ಕಿಟಕಿಯ ಪಕ್ಕದ ಜಾಗ ಇವುಗಳಿಗಾಗಿ ನಡೆಯುವುದು ಲೋಭದ್ದು. ಕ್ರೋಧಕ್ಕೆ ಕ್ಷಮೆ, ಮಾನಕ್ಕೆ ಮಾರ್ದವ, ಮಾಯೆಗೆ ಆರ್ಜವ, ಲೋಭಕ್ಕೆ ಶೌಚ ಎಂದು ದಶಲಕ್ಷಣ ಧರ್ಮದಲ್ಲಿಯೇ ಮದ್ದನ್ನು ಹೇಳಲಾಗಿದೆ.

ಈ ವಿಂಗಡಣೆಯ ಪ್ರಯೋಜನ ಮಕ್ಕಳ ಮೇಲೆ ಹಣೆಪಟ್ಟಿ ಹಚ್ಚುವುದಲ್ಲ. ಒಂದೇ ಔಷಧ ಎಲ್ಲ ಜ್ವರಕ್ಕೂ ಸಲ್ಲದೆಂದು ಶಿಕ್ಷಕರು ತಿಳಿಯುವುದಕ್ಕಾಗಿ. ಚೆಂಡಿನ ಜಗಳಕ್ಕೆ ಸರದಿಯ ವ್ಯವಸ್ಥೆ ಸಾಕು. ಮಾನದ ಜಗಳಕ್ಕೆ ಸರದಿ ಸಾಲದು. ಅಲ್ಲಿ ಪೆಟ್ಟು ತಿಂದದ್ದು ಮಗುವಿನ ಮರ್ಯಾದೆ, ಅದನ್ನು ಎಲ್ಲರೆದುರು ಮರಳಿ ಕೊಡಬೇಕಾಗುತ್ತದೆ.

ಐದು ಮೆಟ್ಟಿಲುಗಳು

ಮೊದಲನೆಯ ಮೆಟ್ಟಿಲು, ನಿಲ್ಲುವುದು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು. ಕೋಪದ ಭರದಲ್ಲಿ ಮಗುವಿಗೆ ಉಪದೇಶ ಕೇಳಿಸುವುದಿಲ್ಲ. ಆದುದರಿಂದ ಆ ಕ್ಷಣದಲ್ಲಿ ವಿಚಾರಣೆ ಬೇಡ. ಕೈಗಳನ್ನು ಇಳಿಬಿಟ್ಟು, ಕಾಯೋತ್ಸರ್ಗದ ಭಂಗಿಯಲ್ಲಿ ಅಲುಗದೆ ನಿಂತು ಮೂರು ದೀರ್ಘ ಉಸಿರುಗಳನ್ನು ತೆಗೆದುಕೊಳ್ಳುವುದನ್ನು ಆಟವಾಗಿ ಮೊದಲೇ ಕಲಿಸಿರಬೇಕು. ಪಂಚನಮಸ್ಕಾರ ಮಂತ್ರವನ್ನು ಮೂರು ಉಸಿರಿನಲ್ಲಿ ಹೇಳುವ ರೂಢಿ ಪಾಠಶಾಲೆಯ ಮಕ್ಕಳಿಗೆ ಉಂಟು. ಎಲ್ಲ ಮತದ ಮಕ್ಕಳು ಕಲಿಯುವ ಶಾಲೆಯಲ್ಲಿ ಉಸಿರನ್ನು ಎಣಿಸಿದರೆ ಸಾಕು.

ಎರಡನೆಯದು, ತನ್ನ ನೋವನ್ನು ಹೇಳುವುದು. "ನೀನು ಕಳ್ಳ" ಎಂಬ ಮಾತು ಎದುರಾಳಿಯ ಕಿವಿಯನ್ನು ಮುಚ್ಚಿಸುತ್ತದೆ. "ಕೇಳದೆ ನನ್ನ ಪೆನ್ಸಿಲು ತೆಗೆದುಕೊಂಡಾಗ ನನಗೆ ಬೇಸರವಾಯಿತು" ಎಂಬ ಮಾತು ಅದನ್ನು ತೆರೆಯಿಸುತ್ತದೆ. ಮೊದಲನೆಯದು ವ್ಯಕ್ತಿಯ ಮೇಲೆ ಬಿದ್ದ ಕಲ್ಲು. ಎರಡನೆಯದು ನಡೆದ ಸಂಗತಿಯ ವರದಿ. ಹಿತವಾಗಿ, ಮಿತವಾಗಿ ನುಡಿಯಬೇಕೆನ್ನುವ ಭಾಷಾಸಮಿತಿಯ ಅಭ್ಯಾಸ ಇಲ್ಲಿಂದಲೇ ತೊಡಗಬಹುದು.

ಮೂರನೆಯದು, ಕೇಳಿದ್ದನ್ನು ತಿರುಗಿ ಹೇಳುವುದು. ಉತ್ತರ ಕೊಡುವ ಮೊದಲು ಎದುರಿನವನ ಮಾತನ್ನು ಅವನು ಒಪ್ಪುವಂತೆ ತನ್ನ ಬಾಯಿಂದ ಹೇಳಬೇಕು. ಗಡಿನಾಡಿನ ಶಾಲೆಗಳಲ್ಲಿ ಇದರ ಅಗತ್ಯ ಇಮ್ಮಡಿಯಾದುದು. ಕಾಸರಗೋಡಿನ ಕಡೆಯ ಒಂದು ಆಟದ ಬಯಲನ್ನು ಊಹಿಸಬಹುದು. ಕನ್ನಡದ ಬಾಲಕನೊಬ್ಬ ತಂಡದ ಹೆಸರುಗಳನ್ನು ಬರೆದುಕೊಂಡು ಮಲಯಾಳಂ ಮನೆಮಾತಿನ ಗೆಳೆಯನಿಗೆ, "ಪಟ್ಟಿಯಲ್ಲಿ ನೀನೇ ಮೊದಲು" ಎಂದು ಸಂತೋಷದಿಂದ ಹೇಳುತ್ತಾನೆ. ಮಲಯಾಳಂನಲ್ಲಿ ಪಟ್ಟಿ ಎಂದರೆ ನಾಯಿ. ಸುತ್ತಲಿನ ಮಕ್ಕಳು ನಗುತ್ತಾರೆ, ಗೆಳೆಯನ ಕೈ ಮೇಲೇಳುತ್ತದೆ. ಅಧ್ಯಾಪಕರು ಹೊಡೆದವನನ್ನು ದಂಡಿಸಿದರೆ ಆ ಮಗುವಿನ ಪಾಲಿಗೆ ಬೈದವನು ತಪ್ಪಿಸಿಕೊಂಡಂತೆ, ತಾನು ಎರಡು ಸಲ ಅವಮಾನಗೊಂಡಂತೆ. "ಅವನು ಹೇಳಿದ್ದು ಏನೆಂದು ನಿನಗೆ ಅರ್ಥವಾಯಿತು? ಹೇಳು" ಎಂದು ಕೇಳಿದರೆ ಇಡೀ ಜಗಳ ಒಂದು ಶಬ್ದದೊಳಗೆ ಕರಗಿಹೋಗುತ್ತದೆ, ಇಬ್ಬರೂ ಒಂದೊಂದು ಹೊಸ ಶಬ್ದವನ್ನು ಕಲಿತಿರುತ್ತಾರೆ.

ನಾಲ್ಕನೆಯದು, ಯಾಕೆ ಬೇಕೆಂದು ಕೇಳಿ ದಾರಿ ಹುಡುಕುವುದು. ಒಂದು ತೆಂಗಿನಕಾಯಿಗಾಗಿ ಅಕ್ಕತಂಗಿಯರಿಬ್ಬರು ಜಗಳವಾಡುತ್ತಾರೆಂದು ಇಟ್ಟುಕೊಳ್ಳಬಹುದು. ಒಡೆದು ಅರ್ಧರ್ಧ ಕೊಡುವುದು ಸುಲಭದ ತೀರ್ಪು. ಯಾಕೆ ಬೇಕೆಂದು ಕೇಳಿದರೆ ಅಕ್ಕನಿಗೆ ಬೇಕಾದದ್ದು ಚಟ್ನಿಗೆ ಕಾಯಿತುರಿ, ತಂಗಿಗೆ ಬೇಕಾದದ್ದು ಶಾಲೆಯ ಕರಕುಶಲಕ್ಕೆ ಗೆರಟೆ! ಅರ್ಧರ್ಧ ಪಡೆದಿದ್ದರೆ ಇಬ್ಬರಿಗೂ ಅರ್ಧ ನಷ್ಟ; ಕೇಳಿದ್ದರಿಂದ ಇಬ್ಬರಿಗೂ ಪೂರ್ಣ ಲಾಭ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಎಂಬ ಸಹೋದರರು ಶಾಲಾಮಕ್ಕಳಿಗಾಗಿ ರೂಪಿಸಿದ ಸಂಧಾನದ ಪಾಠದಲ್ಲಿ, ಒಪ್ಪಂದಕ್ಕೆ ಮುನ್ನ ಕನಿಷ್ಠ ಮೂರು ದಾರಿಗಳನ್ನು ಯೋಚಿಸಬೇಕೆಂಬ ನಿಯಮವಿದೆ. ಒಂದೇ ದಾರಿ ಇದ್ದರೆ ಅದು ಬಲಿಷ್ಠನದಾಗುತ್ತದೆ. ಎರಡಿದ್ದರೆ ನಿನ್ನದು ನನ್ನದೆಂಬ ಹಗ್ಗಜಗ್ಗಾಟವಾಗುತ್ತದೆ. ಮೂರನೆಯದನ್ನು ಹುಡುಕುವಾಗ ಮಾತ್ರ ಇಬ್ಬರೂ ಒಂದೇ ಕಡೆ ಕುಳಿತು ಯೋಚಿಸುತ್ತಾರೆ.

ಐದನೆಯದು, ಒಪ್ಪಿ ನಡೆಯುವುದು. ಒಪ್ಪಿಕೊಂಡದ್ದನ್ನು ಇಬ್ಬರೂ ತಮ್ಮ ಮಾತಿನಲ್ಲಿ ಹೇಳಬೇಕು. ಎರಡು ದಿನ ಕಳೆದ ಮೇಲೆ "ನಿಮ್ಮ ಒಪ್ಪಂದ ನಡೆಯುತ್ತಿದೆಯೆ?" ಎಂದು ಅಧ್ಯಾಪಕರು ವಿಚಾರಿಸಬೇಕು. ಈ ವಿಚಾರಣೆ ಇಲ್ಲದಿದ್ದರೆ ಹಿಂದಿನ ನಾಲ್ಕು ಮೆಟ್ಟಿಲುಗಳ ಶ್ರಮ ವ್ಯರ್ಥವಾಗುವ ಸಂಭವ ಹೆಚ್ಚು.

ಒಂದು, ಎರಡನೆಯ ತರಗತಿಗಳಲ್ಲಿ ಮೊದಲ ಎರಡು ಮೆಟ್ಟಿಲುಗಳನ್ನು ಗೊಂಬೆಯಾಟ, ಕಥೆಗಳ ಮೂಲಕ ಕಲಿಸಿದರೆ ಸಾಕು. ಮೂರು, ನಾಲ್ಕನೆಯ ತರಗತಿಗಳಲ್ಲಿ ಐದನ್ನೂ ಅಭಿನಯಿಸಿ ತೋರಿಸಬಹುದು; ಒಮ್ಮೆ ಅಭಿನಯವಾದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡುವುದನ್ನು ಮರೆಯಬಾರದು. ತಾನು ಬೈದ ಬೈಗುಳವನ್ನು ತಾನೇ ಕೇಳಿಸಿಕೊಂಡ ಮಗುವಿಗೆ ಬೇರೆ ಉಪದೇಶ ಬೇಡ. ಐದನೆಯ ತರಗತಿಯವರಲ್ಲಿ ಕೆಲವರನ್ನು ಸರದಿಯಂತೆ ಮಧ್ಯಸ್ಥರನ್ನಾಗಿ ಮಾಡಬಹುದು. ಮಧ್ಯಸ್ಥನು ತೀರ್ಪು ಕೊಡುವವನಲ್ಲ, "ಅವನು ಏನೆಂದ? ಮೂರನೆಯ ದಾರಿ ಯಾವುದು?" ಎಂದು ಕೇಳುವವನು. ರಾಗವೂ ಇಲ್ಲದೆ ದ್ವೇಷವೂ ಇಲ್ಲದೆ ನಿಲ್ಲುವ ಮಾಧ್ಯಸ್ಥ್ಯ ಭಾವನೆಯ ಬಾಲಪಾಠ ಇದೆನ್ನಬಹುದು.

ಕ್ಷಮೆ: ಬಾಯಿಯ ಮಾತೋ, ಮನಸ್ಸಿನ ಕೆಲಸವೋ?

ಒತ್ತಾಯದಿಂದ ಹೇಳಿಸಿದ "ಸಾರಿ" ಮಗುವಿಗೆ ಎರಡು ತಪ್ಪು ಪಾಠಗಳನ್ನು ಕಲಿಸುತ್ತದೆ. ಮನಸ್ಸಿನಲ್ಲಿ ಇಲ್ಲದ್ದನ್ನು ನುಡಿಯಬಹುದೆಂಬುದು ಒಂದು. ಒಂದು ಶಬ್ದದಿಂದ ಎಲ್ಲ ಸಾಲವೂ ತೀರುತ್ತದೆಂಬುದು ಇನ್ನೊಂದು. ಶಾಸ್ತ್ರವು ಹಿಂದೆ ಆದ ದೋಷಕ್ಕೆ ಪ್ರತಿಕ್ರಮಣ, ಇಂದಿನ ದೋಷಕ್ಕೆ ಆಲೋಚನೆ, ಮುಂದಿನದಕ್ಕೆ ಪ್ರತ್ಯಾಖ್ಯಾನ ಎಂದು ಮೂರು ಕಾಲಗಳಿಗೂ ಹೊಂದುವ ಶುದ್ಧಿಯನ್ನು ಹೇಳುತ್ತದೆ. ಇದರ ಜಾಡಿನಲ್ಲಿಯೇ ಮಗುವಿಗೆ ಮೂರು ಪ್ರಶ್ನೆಗಳನ್ನು ಕೊಡಬಹುದು: ನಾನು ಮಾಡಿದ್ದೇನು? ಅದರಿಂದ ಈಗ ಅವನಿಗೆ ಏನಾಗಿದೆ, ಅದನ್ನು ಸರಿಪಡಿಸಲು ನಾನೇನು ಮಾಡಬಲ್ಲೆ? ಇನ್ನು ಮುಂದೆ ಏನು ಮಾಡುವುದಿಲ್ಲ? ಹರಿದ ಪುಸ್ತಕಕ್ಕೆ ಅಂಟು ಹಚ್ಚಿ ಕೊಡುವ ಕೈ, ಚೆಲ್ಲಿದ ಬುತ್ತಿಯ ಬದಲಿಗೆ ತನ್ನ ಬುತ್ತಿಯನ್ನು ಹಂಚುವ ಕೈ, ನೂರು ಸಲ ಹೇಳಿದ ಸಾರಿಗಿಂತ ಹೆಚ್ಚು ಮಾತನಾಡುತ್ತದೆ.

ನೊಂದ ಮಗುವನ್ನೂ ಕ್ಷಮಿಸೆಂದು ಅವಸರಪಡಿಸಬಾರದು. ಕ್ಷಮೆಯು ಕೊಡುವವನ ಸಂಪತ್ತು. ಅದನ್ನು ಬಲಾತ್ಕಾರದಿಂದ ಪಡೆದರೆ ಅದು ಕ್ಷಮೆಯಾಗಿ ಉಳಿಯುವುದಿಲ್ಲ.

ಮಕ್ಕಳಿಗೇ ಬಿಡಬಾರದ ಸಂದರ್ಭ

ಎಲ್ಲ ಜಗಳವನ್ನೂ ಮಕ್ಕಳೇ ಬಗೆಹರಿಸಿಕೊಳ್ಳಲಿ ಎಂಬುದು ಈ ಪಾಠದ ಅರ್ಥವಲ್ಲ. ಸಮಬಲರ ನಡುವೆ ನಡೆಯುವುದು ಜಗಳ. ಬಲವುಳ್ಳವನು ಅಥವಾ ಗುಂಪೊಂದು ದುರ್ಬಲನನ್ನು ಮತ್ತೆ ಮತ್ತೆ ಪೀಡಿಸುವುದು ಪೀಡನೆ. ನಾರ್ವೆಯಲ್ಲಿ 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದ ಡಾನ್ ಓಲ್ವೇಯುಸ್ ಅವರು ಮರುಕಳಿಕೆ ಮತ್ತು ಬಲದ ಅಸಮಾನತೆ ಇವೆರಡನ್ನೂ ಪೀಡನೆಯ ಲಕ್ಷಣಗಳಾಗಿ ಗುರುತಿಸಿದರು. ಅಲ್ಲಿ "ಇಬ್ಬರೂ ರಾಜಿಯಾಗಿ" ಎಂದು ಹೇಳುವುದು ಪೀಡಿತನಿಗೆ ಮಾಡುವ ಎರಡನೆಯ ಅನ್ಯಾಯ. ಹಿರಿಯರು ನೇರವಾಗಿ ನಡುವೆ ಬಂದು ರಕ್ಷಿಸಲೇಬೇಕು. ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲು ಒಲ್ಲೆನ್ನುವುದು, ವಸ್ತುಗಳು ಮೇಲಿಂದ ಮೇಲೆ ಕಳೆದುಹೋಗುವುದು, ಬಿಡುವಿನ ವೇಳೆಯಲ್ಲಿ ಒಂಟಿಯಾಗಿರುವುದು, ಇವನ್ನು ಕಂಡ ತಂದೆತಾಯಿಗಳು ಮೆಲ್ಲನೆ ವಿಚಾರಿಸತಕ್ಕದ್ದು. ದೊಡ್ಡವರಿಗೆ ತಿಳಿಸುವುದು ಚಾಡಿಯಲ್ಲವೆಂಬುದನ್ನೂ ಮಕ್ಕಳಿಗೆ ಹೇಳಿಕೊಡಬೇಕು: ಒಬ್ಬನನ್ನು ಸಿಕ್ಕಿಹಾಕಿಸಲು ಹೇಳಿದರೆ ಚಾಡಿ, ಒಬ್ಬನನ್ನು ಕಾಪಾಡಲು ಹೇಳಿದರೆ ಸಹಾಯ.

ಹಿರಿಯರ ಪಾಲು

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಶಾಂತಿಗಾಗಿ ಶಿಕ್ಷಣವನ್ನು ಎಲ್ಲ ವಿಷಯಗಳಲ್ಲಿಯೂ ಹರಿಯಬೇಕಾದ ದೃಷ್ಟಿಯೆಂದು ಎತ್ತಿಹಿಡಿಯಿತು. ಮಕ್ಕಳ ಶಿಕ್ಷಣ ಹಕ್ಕು ಕಾಯಿದೆ 2009, 17ನೆಯ ಕಲಮಿನಲ್ಲಿ, ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಳಿಯಿತು, ಅದರ ಸ್ಥಾನದಲ್ಲಿ ಒಂದು ವಿದ್ಯೆಯನ್ನು ಇಡದಿದ್ದರೆ ಆ ಸ್ಥಾನ ಬರಿದಾಗಿಯೇ ಉಳಿಯುತ್ತದೆ. "ಹೊಡೆಯಬೇಡ" ಎಂದು ಹೊಡೆದು ಕಲಿಸಿದ ಪಾಠ ಯಾವ ಮಗುವಿಗೂ ಹತ್ತಿದ್ದಿಲ್ಲ.

ಮನೆಯಲ್ಲಿಯೂ ಒಂದು ಅಂಶ ಗಮನಾರ್ಹ. ದೊಡ್ಡವರು ಮಕ್ಕಳ ಎದುರಿಗೆ ಜಗಳವಾಡುತ್ತಾರೆ, ಮಕ್ಕಳು ಮಲಗಿದ ಮೇಲೆ ರಾಜಿಯಾಗುತ್ತಾರೆ. ಹೀಗಾಗಿ ಜಗಳವನ್ನು ಪೂರ್ಣವಾಗಿ ಕಂಡ ಮಗು ರಾಜಿಯನ್ನು ಕಾಣುವುದೇ ಇಲ್ಲ. "ಬೆಳಿಗ್ಗೆ ನಾನು ಕೂಗಾಡಿದ್ದು ತಪ್ಪಾಯಿತು" ಎಂದು ತಂದೆಯು ತಾಯಿಗೆ ಮಕ್ಕಳ ಎದುರಿನಲ್ಲಿಯೇ ಒಮ್ಮೆ ಹೇಳಿದರೆ, ಪಾಠಶಾಲೆ ಒಂದು ವರ್ಷ ಕಲಿಸುವುದನ್ನು ಆ ಮನೆ ಒಂದು ನಿಮಿಷದಲ್ಲಿ ಕಲಿಸುತ್ತದೆ.

ದಶಲಕ್ಷಣ ಪರ್ವ ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಅಂದು ಪರಸ್ಪರ ಕೈಮುಗಿಯುವವರ ನಡುವೆ ಮಕ್ಕಳೂ ನಿಂತಿರುತ್ತಾರೆ. ಪ್ರೀತಿಯವರ ಬಳಿ ಕ್ಷಮೆ ಕೇಳುವುದು ಸುಲಭ; ಪ್ರದಕ್ಷಿಣೆಯಲ್ಲಿ ಮುಖ ತಿರುಗಿಸುವವರ ಬಳಿಗೆ ಹೋಗುವುದು ಕಷ್ಟ. ಹಿರಿಯರು ಯಾರ ಬಳಿಗೆ ಮೊದಲು ಹೋಗುತ್ತಾರೆಂಬುದನ್ನು ಮಕ್ಕಳ ಕಣ್ಣುಗಳು ನೋಡುತ್ತಿರುತ್ತವೆ.

ಪಾಠಶಾಲೆಯಲ್ಲಿ ಚರ್ಚೆಗೆ

1. ಮೂರು ಸ್ಪರ್ಧೆಗಳಲ್ಲಿ ಗೆಲುವು ನಿರ್ಣಯವಾದರೂ ಭರತ–ಬಾಹುಬಲಿಯರ ಕಲಹ ಏಕೆ ಮುಗಿಯಲಿಲ್ಲ?
2. ಈ ವಾರ ನಡೆದ ಒಂದು ಜಗಳವನ್ನು ಎದುರಿನವನ ಬಾಯಿಂದ ಹೇಳುವಂತೆ ಹೇಳಿರಿ.
3. ಇಬ್ಬರು ಮಕ್ಕಳು, ಒಂದೇ ಉಯ್ಯಾಲೆ. ಮೂರು ದಾರಿಗಳನ್ನು ಹುಡುಕಿರಿ.
4. ಜಗಳಕ್ಕೂ ಪೀಡನೆಗೂ ಇರುವ ವ್ಯತ್ಯಾಸವೇನು? ಯಾವಾಗ ದೊಡ್ಡವರಿಗೆ ತಿಳಿಸಬೇಕು?
5. ಒಂದು ಸಾರಿ ಎಂಬ ಮಾತಿನ ಜೊತೆಗೆ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿರಿ.

ಇಂದಿನ ಮಕ್ಕಳ ಜಗಳ ಇಂದೇ ಮುಗಿದರೆ ನಾಳಿನ ಹಿರಿಯರ ವೈರ ಹುಟ್ಟುವುದೇ ಇಲ್ಲ. ಸರ್ವಜೀವರಲ್ಲಿಯೂ ಮೈತ್ರಿ ನೆಲಸಲಿ.